ಅಂಗಾಲಿನ ಕೆಂಪು

ಕೆಂಪಗೆ ಏನೋ ನೀರಿನ ಜೊತೆ ಹೋಗುತ್ತಾ ಇದೆ, ಗುಂಡಗೆ, ಹೆಬ್ಬೆರಳಿನ ಉಗುರಷ್ಟು, ಬಚ್ಚಲಿನ ಜಾಲರಿ ಹತ್ತಿರ ಹೋಗಿ ನಿಂತುಕೊಂಡಿತು — ರಕ್ತ ಅಂದುಕೊಂಡೆ, ಆದರೆ ರಕ್ತ ಎಲ್ಲಾದರೂ ಹೀಗೆ ಗುಂಡಗೆ ತೇಲುತ್ತದಾ, ರಕ್ತ ಅಂದರೆ ಹರಡಿಕೊಳ್ಳಬೇಕು, ಎಳೆ ಎಳೆಯಾಗಿ ಬಿಟ್ಟುಕೊಳ್ಳಬೇಕು, ಇದು ಹಾಗೇ ನಿಂತಿದೆ, ಗೋಡೆ ಹಿಡಿದು ಬಗ್ಗಿ, ಅಯ್ಯೋ ನನ್ನ ಸೊಂಟವೇ, ಎತ್ತಿ ನೋಡಿದರೆ ಸ್ಟಿಕ್ಕರು. ಸೇಬಿನ ಮೈಮೇಲೆ ಅಂಟಿಸಿರುತ್ತಾರಲ್ಲ, ಅದು. ನಗು ಬಂತು. ನಿನ್ನೆ ಸಂಜೆ ಸೇಬು ಹೆಚ್ಚಿದ್ದೆನಲ್ಲ, ಇಬ್ಬರ ಸಕ್ಕರೆ ಕಾಯಿಲೆಗೂ ಸೇರಿ ಒಂದೇ ಹಣ್ಣು ಅಜ್ಜಿ, ಕಿತ್ತಾಡದೆ ತಿನ್ನಿ ಅಂತ ಸಿಸ್ಟರಮ್ಮ ಹೇಳಿದ್ದಾಳೆ, ಸಿಪ್ಪೆಯ ಮೇಲಿನ ಸ್ಟಿಕ್ಕರು ಕಿತ್ತು ಎಲ್ಲಿ ಹಾಕಿದೆನೋ, ಅದು ನನ್ನ ಕಾಲಿಗೆ ಮೆತ್ತಿಕೊಂಡು ಬಚ್ಚಲಿನ ತನಕ ಸವಾರಿ ಬಂದಿದೆ ಪುಣ್ಯಾತ್ಮ. ನನಗೆಲ್ಲಿ ಗೊತ್ತಾಗಬೇಕು, ನನ್ನ ಅಂಗಾಲು ಸತ್ತು ಯಾವ ಕಾಲವಾಯಿತು, ಹತ್ತಿ ಹಾಸಿದ ಮೇಲೆ ನಡೆದ ಹಾಗೆ ನಡೆಯುತ್ತೀನಿ, ಚಪ್ಪಲಿ ಕಳಚಿ ಹಿಂದೆ ಉಳಿದಿದ್ದರೂ ಹಾಕಿಕೊಂಡಿದ್ದೀನಿ ಅಂತಲೇ ಮುಂದೆ ಹೋಗಿರುತ್ತೀನಿ, ನೀರು ಬಿಸಿಯಾ ತಣ್ಣಗಾ ಅಂತ ಕೈಯಲ್ಲಿ ಮುಟ್ಟಿ ನೋಡಿಯೇ ಕಾಲಿಗೆ ಹಾಕಬೇಕು, ಕಾಲಿನ ಮಾತು ನಂಬೋ ಹಾಗಿಲ್ಲ — ಇನ್ನೊಂದು ಚೊಂಬು ನೀರು ಹಾಕುತ್ತಾ ಹಾಕುತ್ತಾ ಕೈ ನಿಂತು ಹೋಯಿತು. ಬೆಳಿಗ್ಗೆ ಇವರು ನೋಡಿದರಲ್ಲ. ಈಗ ತಾನೇ, ತಿಂಡಿಗೆ ಮುಂಚೆ, ನನ್ನ ಕಾಲು ಕೈಯಲ್ಲಿ ಹಿಡಿದು ಹಿಮ್ಮಡಿಯಿಂದ ಬೆರಳ ಸಂದಿಯವರೆಗೂ ನೋಡಿ, ಏನೂ ಇಲ್ಲ ಕಣೇ, ಹೂವಿನ ಹಾಗಿದೆ ಅಂದರಲ್ಲ.

ಹಾಗಾದರೆ ಆಮೇಲೆ ಅಂಟಿಕೊಂಡದ್ದು, ಮಂಚದಿಂದ ಬಚ್ಚಲಿಗೆ ಬರುವ ದಾರಿಯಲ್ಲಿ, ಮತ್ತೇನು, ಒಂದು ಸ್ಟಿಕ್ಕರಿಗೆ ಯಾರಾದರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರಾ — ಆದರೆ ಎದ್ದವಳೇ ಮೊದಲು ಕಸ ಗುಡಿಸಿದ್ದೀನಿ, ಮಂಚದ ಕೆಳಗೂ ಬಿಟ್ಟಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದೀನಿ, ಅದಾದ ಮೇಲೆ ತಾನೇ ಇವರ ಮುಂದೆ ಕಾಲು ಇಟ್ಟದ್ದು, ಒರೆಸಿದ ನೆಲದಲ್ಲಿ ಸ್ಟಿಕ್ಕರು ಎಲ್ಲಿಂದ ಹುಟ್ಟುತ್ತದೆ. ಇದು ನಮ್ಮ ಮನೆಯ ಪದ್ಧತಿ, ಹೊರಗಿನವರು ಕೇಳಿದರೆ ನಗುತ್ತಾರೆ, ದಿನಾ ಬೆಳಿಗ್ಗೆ ನಾವು ಒಬ್ಬರ ಕಾಲು ಒಬ್ಬರು ನೋಡುತ್ತೀವಿ. ಇವರಿಗೆ ಬೆನ್ನುಹುರಿಗೆ ಪೆಟ್ಟು ಬಿದ್ದ ದಿನದಿಂದ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ, ಇರುವೆ ಹರಿದರೂ ಇಲ್ಲ, ಕೆಂಡ ಬಿದ್ದರೂ ಇಲ್ಲ, ನನಗೆ ಸಕ್ಕರೆ ಬಂದು ಅಂಗಾಲು ಮಂಕಾಯಿತು, ಇವರಿಗೂ ಆಮೇಲೆ ಸಕ್ಕರೆ ಬಂತು, ಮಲಗಿದಲ್ಲೇ ಬಂತು, ನಿನಗೊಬ್ಬಳಿಗೇ ಯಾಕೆ ಮಾತ್ರೆ ಅಂತ ನಾನೂ ತರಿಸಿಕೊಂಡೆ ಅಂದಿದ್ದರು. ಸಿಸ್ಟರಮ್ಮನೇ ಈ ದಾರಿ ಹೇಳಿಕೊಟ್ಟದ್ದು, ಮನೆಗೆ ಬಂದು ಇವರ ಮೂತ್ರದ ಪೈಪು ಬದಲಾಯಿಸಿ ಬೆನ್ನು ನೋಡಿ ಹೋಗುವ ಹುಡುಗಿ, ಸಣ್ಣ ವಯಸ್ಸು, ಗಟ್ಟಿ ಕೈ, ಅಜ್ಜಿ, ನಿಮಗೆ ಮಂಡಿ ಮಡಚೋಕಾಗಲ್ಲ, ನಿಮ್ಮ ಅಂಗಾಲು ನಿಮಗೆ ಕಾಣಲ್ಲ, ತಾತಂಗೆ ಅವರ ಹಿಮ್ಮಡಿ ಕಾಣಲ್ಲ, ಅದಲು ಬದಲು ಮಾಡ್ಕೊಳ್ಳಿ, ತಾತನ ಕಾಲು ನಿಮ್ಮ ಜವಾಬ್ದಾರಿ, ನಿಮ್ಮ ಕಾಲು ತಾತನ ಜವಾಬ್ದಾರಿ. ಮೊದಲ ದಿನ ನನಗೆ ನಾಚಿಕೆಯೋ ನಾಚಿಕೆ, ಸ್ಟೂಲ್ ಮೇಲೆ ಕೂತು ಮಂಚದ ಅಂಚಿಗೆ ಕಾಲು ಚಾಚಿದರೆ ಇವರು ಎರಡೂ ಕೈಯಲ್ಲಿ ಹಿಡಿದುಕೊಂಡು, ಮದುವೆಯಾದಾಗಿನಿಂದ ಗಂಡ ನನ್ನ ಕಾಲು ಹಿಡೀಲಿ ಅಂತ ಕಾದಿದ್ದೆ ಅಲ್ವಾ, ತಗೋ ಹಿಡಿದೆ ಅಂದರು. ನಾನು ಕಾಲು ಎಳೆದುಕೊಂಡೆ. ಬಿಡ್ರೀ, ಯಾರಾದ್ರೂ ನೋಡಿದ್ರೆ. ಯಾರು ನೋಡ್ತಾರೆ, ಕಾಗೆ ನೋಡತ್ತಾ, ತಾ ಇಲ್ಲಿ. ಒಂದು ಸಲ ನನ್ನ ಕಿರುಬೆರಳ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡುಹಿಡಿದಿದ್ದರು, ಸಿಸ್ಟರಮ್ಮನಿಗೇ ಬೇಗ ಕಾಣಲಿಲ್ಲ, ತಾತ ನಿಮ್ಮ ಕಣ್ಣಾ ಅದು ದುರ್ಬೀನಾ ಅಂದಳು, ಆ ದಿನವೆಲ್ಲ ಇವರ ಮುಖ ನೋಡಬೇಕಿತ್ತು, ಮಲಗಿಕೊಂಡೇ ಮೆರವಣಿಗೆ ಹೋದವರ ಹಾಗೆ.

ಕಣ್ಣು ಅಂದರೆ ಇವರದ್ದು ಕಣ್ಣು. ಊರಿನ ಅಂಗಡಿ ಬೋರ್ಡುಗಳೆಲ್ಲ ಇವರ ಕೈಯವೇ ಇದ್ದವು ಒಂದು ಕಾಲದಲ್ಲಿ, ಬೋರ್ಡ್ ಮೇಸ್ತ್ರಿ ಅಂದರೆ ಸಾಕು, ಹೆಸರು ಬೇಡ. ಸ್ಕೇಲು ಇಟ್ಟವರಲ್ಲ, ದಾರ ಹಿಡಿದವರಲ್ಲ, ಕಣ್ಣಳತೆಯಲ್ಲೇ ಗೆರೆ ಎಳೆದರೆ ನೀರು ನಿಂತ ಹಾಗೆ ಮಟ್ಟಸ. ಮದುವೆಯಾದ ಹೊಸದರಲ್ಲಿ ನಾನು ಬಣ್ಣದ ಡಬ್ಬಿ ಕೊಡುತ್ತಾ ಏಣಿ ಕೆಳಗೆ ನಿಲ್ಲುತ್ತಿದ್ದೆ, ಮೇಲಿನಿಂದ ಕೂಗುತ್ತಿದ್ದರು, ಕೆಂಪು ಕೊಡು, ನಾನು ಕೆಂಪು ಕೊಟ್ಟರೆ, ಎಂಥ ಕೆಂಪು ಕೊಟ್ಟೆ ಮಾರಾಯ್ತಿ, ಕೆಂಪು ಅಂದ್ರೆ ಒಂದೇನಾ, ಇಟ್ಟಿಗೆ ಕೆಂಪಾ, ಮೆಣಸಿನಕಾಯಿ ಕೆಂಪಾ, ಅಂಚೆಡಬ್ಬಿ ಕೆಂಪಾ, ನಾಚಿಕೊಂಡ ಕೆಂಪಾ — ಕೊನೆಯದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ನನ್ನ ಮುಖ ನೋಡುತ್ತಿದ್ದರು. ನನಗೆ ಓದು ಬರಹ ಅಷ್ಟಕ್ಕಷ್ಟೆ, ಅಕ್ಷರ ಕಲಿತದ್ದೇ ಇವರು ಬರೆಯುವುದನ್ನು ಕೆಳಗಿನಿಂದ ನೋಡಿ, ಆದ್ದರಿಂದ ಇವತ್ತಿಗೂ ನನಗೆ ಅಕ್ಷರ ದೊಡ್ಡದಾಗಿದ್ದರೇ ಓದಲು ಬರುವುದು. ಗಡಿಯಾರದ ಅಂಗಡಿಯ ಬೋರ್ಡು ಅದು, ಬಿದ್ದ ದಿನ. ಮೂಲೆಯಲ್ಲಿ ಒಂದು ದೊಡ್ಡ ಗಡಿಯಾರ ಬರೀಬೇಕು, ಕೆಂಪು ಸುತ್ತು, ಕೈವಾರ ಬೇಡ, ಒಂದೇ ಉಸಿರಿನಲ್ಲಿ ಸುತ್ತು ಎಳೀತೀನಿ ನೋಡ್ತಾ ಇರು ಅಂದರು, ಉಸಿರು ಹಿಡಿದರು, ಬ್ರಷ್ಷು ಮೇಲಿನಿಂದ ಹೊರಟಿತು, ಬಲಕ್ಕೆ ಬಾಗಿತು, ಕೆಳಗೆ ಇಳಿಯಿತು, ನಾನೂ ಕೆಳಗೆ ಉಸಿರು ಹಿಡಿದಿದ್ದೆ, ಇವರು ನಿಂತಿದ್ದ ಹಲಗೆ ಜಾರಿತು. ಅರ್ಧ ಸುತ್ತು. ಆಮೇಲೆ ಎಷ್ಟೋ ವರ್ಷ ಅದು ಹಾಗೇ ಇತ್ತು, ಆಸ್ಪತ್ರೆಗೆ ಹೋಗಿ ಬರುವಾಗೆಲ್ಲ ನೋಡುತ್ತಿದ್ದೆ, ಗಡಿಯಾರದಂಗಡಿಯವನು ಬೇರೆ ಯಾರ ಕೈಲೂ ಅದನ್ನು ಪೂರ್ತಿ ಮಾಡಿಸಲಿಲ್ಲ, ಮಾಡಿಸಬಾರದು ಅಂತಲೋ, ಮರೆತನೋ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಇವರು ಮೊದಲು ಕಾಲು ಕೇಳಿದರು, ಇದೆಯಾ, ಇದೆ ಅಂದೆ, ಗೊತ್ತಾಗ್ತಾ ಇಲ್ವಲ್ಲ ಅಂದರು, ಬಹಳ ಹೊತ್ತು ಚಾವಣಿ ನೋಡಿದರು, ಹೋಗ್ಲಿ ಬಿಡು, ಕಣ್ಣು ಉಳೀತಲ್ಲ, ಆ ಮೂಲೆ ಕಂಬಿ ನೋಡು, ಒಂದು ನೂಲು ಸೊಟ್ಟ ಕೂರಿಸಿದ್ದಾನೆ ಅಂದರು. ಕಣ್ಣು ಉಳೀತಲ್ಲ ಅಂದವರು ಇವರೇ. ಸ್ಟಿಕ್ಕರು ಇನ್ನೂ ನನ್ನ ಹೆಬ್ಬೆರಳಿನ ಮೇಲೆ ಕೂತಿದೆ, ಒರೆಸಿದರೂ ಗೋಂದು ಬಿಟ್ಟಿಲ್ಲ.

ಏ ಇವಳೇ, ಬಚ್ಚಲಲ್ಲೇ ಮನೆ ಮಾಡಿದೆಯಾ. ಬಂದೆ ರೀ. ಹೊರಳಿಸುವ ಹೊತ್ತಾಗಿದೆ, ಒಂದೇ ಮಗ್ಗುಲಲ್ಲಿ ಬಿಟ್ಟರೆ ಚರ್ಮ ಕಂತುತ್ತದೆ, ಗಾಳಿ ಹಾಸಿಗೆ ಇದ್ದರೂ ಹೊರಳಿಸಲೇಬೇಕು, ಅದರ ಮೋಟರು ಗೊರಗೊರ ಅನ್ನುತ್ತಲೇ ಇದೆ, ನಿಂತರೆ ನಮಗೆ ಎಚ್ಚರವಾಗುತ್ತದೆ. ಮೊದಲು ಮೂತ್ರದ ಚೀಲ ಆ ಕಡೆಗೆ ದಾಟಿಸು, ಪೈಪು ಮೈ ಕೆಳಗೆ ಸಿಕ್ಕಬಾರದು, ಆಮೇಲೆ ಮಂಡಿ ಮಡಚಿ ನಿಲ್ಲಿಸು, ಹಾಸಿದ ದುಪ್ಪಟಿಯ ಅಂಚು ಹಿಡಿದು ಎಳಿ, ಮೈ ಎಳೆಯಬೇಡ, ಉಜ್ಜಿದರೆ ಚರ್ಮ ಕಿತ್ತು ಬರುತ್ತೆ — ಇವರು ಕೈಯಿಂದ ಮಂಚದ ಕಂಬಿ ಹಿಡಿದು ಮೇಲಿನ ಅರ್ಧ ತಾವೇ ಹೊರಳುತ್ತಾರೆ, ಕೆಳಗಿನ ಅರ್ಧ ನನ್ನದು, ಹೈಸಾ ಅಂತಾರೆ, ನಾನೂ ಹೈಸಾ ಅಂತೀನಿ, ಇಬ್ಬರೂ ಸೇರಿ ಒಬ್ಬರನ್ನು ಹೊರಳಿಸುತ್ತೀವಿ. ಬಾಲಮೂಳೆಯ ಹತ್ತಿರ ಬೆರಳಲ್ಲಿ ಒತ್ತಿ ನೋಡಿದೆ, ಬಿಳಿಚಿ ಮತ್ತೆ ಕೆಂಪಾಯಿತು, ಸರಿ, ಒತ್ತಿದರೂ ಕೆಂಪು ಕದಲದೆ ಕೂತರೆ ಆಗ ಹೆದರಬೇಕು. ಮೊದಲೆಲ್ಲ ಕನ್ನಡಿ ಕೇಳುತ್ತಿದ್ದರು, ಕ್ಷೌರದ ಕನ್ನಡಿ ಬೆನ್ನ ಹಿಂದೆ ಹಿಡಿಸಿ ತಮ್ಮ ಬೆನ್ನು ತಾವೇ ನೋಡುತ್ತಿದ್ದರು, ಇನ್ನೊಂಚೂರು ಎಡಕ್ಕೆ, ಮೇಲೆ, ಹಾಂ. ಯಾವಾಗಿನಿಂದಲೋ ಕೇಳುತ್ತಿಲ್ಲ. ನಿನ್ನ ಮೇಲೆ ನಂಬಿಕೆ ಇದೆ ಬಿಡು ಅಂದಿದ್ದರು, ನಾನು ಹಿಗ್ಗಿದ್ದೆ. ಮಂಡಿಗಳ ನಡುವೆ ದಿಂಬು ಇಡುತ್ತಾ ಇಡುತ್ತಾ ಒಂದೊಂದೇ ಎದ್ದು ಬರುತ್ತಾ ಇದೆ, ಬೇಡ ಅಂದರೂ ಬರುತ್ತಾ ಇದೆ, ಇನ್ಸುಲಿನ್ ಪೆನ್ನಿನ ತಿರುಗಣೆ ತಿರುಗಿಸುವಾಗ ಅದನ್ನು ಕಿವಿ ಹತ್ತಿರ ಹಿಡಿಯುತ್ತಾರಲ್ಲ, ಟಿಕ್ ಟಿಕ್ ಟಿಕ್, ರೇಡಿಯೋ ಕೇಳಿದ ಹಾಗೆ ತಲೆ ವಾಲಿಸಿ, ಅದೇನು ರೀ ಅದು ಹಾಡತ್ತಾ ಅಂತ ನಾನು ತಮಾಷೆ ಮಾಡಿದ್ದೆ, ಹಾಡತ್ತೆ, ನಿನಗಿಂತ ಚೆನ್ನಾಗಿ ಹಾಡತ್ತೆ. ಪೇಪರು ಬಿಟ್ಟರು, ಎಲ್ಲಾ ಹಾಳು ಸುದ್ದಿ, ಯಾರು ಓದ್ತಾರೆ. ಲೋಟ ಕೊಟ್ಟರೆ ಮೊದಲು ನನ್ನ ಮಣಿಕಟ್ಟು ಹಿಡಿಯುತ್ತಾರೆ, ಅಲ್ಲಿಂದ ಜಾರಿ ಲೋಟಕ್ಕೆ ಬರುತ್ತಾರೆ, ನಾನು ಪ್ರೀತಿ ಅಂದುಕೊಂಡಿದ್ದೆ, ಪ್ರೀತಿಯೂ ಇರಬಹುದು. ಮತ್ತೆ ಬೋರ್ಡು. ಅಯ್ಯೋ, ಬೋರ್ಡು. ಹೋದ ಸಲ ಸಿಸ್ಟರಮ್ಮ, ತಾತ, ಸಕ್ಕರೆ ಇದ್ದೋರು ಕಣ್ಣು ತೋರಿಸಬೇಕು, ಯಾವಾಗ ಕರ್ಕೊಂಡು ಹೋಗ್ಲಿ ಅಂದರೆ, ನನ್ನ ಕಣ್ಣಿಗೇನು ಧಾಡಿ, ಕಿಟಕಿಯಾಚೆ ಎದುರುಗಡೆ ಬೋರ್ಡು ಓದ್ಲಾ, ಹೊಸ ಬೆಳಕು ಲಾಂಡ್ರಿ, ಬಟ್ಟೆಗಳನ್ನು ಶುಭ್ರವಾಗಿ ಒಗೆದು ಇಸ್ತ್ರಿ ಮಾಡಿಕೊಡಲಾಗುವುದು ಅಂತ ಗಡಗಡ ಓದಿದರು. ಸಿಸ್ಟರಮ್ಮ ಕಿಟಕಿಗೆ ಬೆನ್ನು ಹಾಕಿ ಪೈಪು ಕಟ್ಟುತ್ತಿದ್ದಳು, ತಿರುಗಿ ನೋಡಲಿಲ್ಲ. ನಾನು ನೋಡಿದೆ. ಲಾಂಡ್ರಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ, ಫ್ಲೆಕ್ಸ್ ಬೋರ್ಡು ಬಂದಿದೆ, ನೀಲಿ ಬಣ್ಣದ್ದು. ಫ್ಲೆಕ್ಸ್ ಕಂಡರೆ ಇವರಿಗೆ ಆಗುವುದಿಲ್ಲ, ಅದು ಬೋರ್ಡಲ್ಲ ಅದು ಒಣಗಲು ಹಾಕಿದ ಬಟ್ಟೆ ಅಂತಾರೆ, ಹಾಗಾಗಿ ಬೇಕೆಂದೇ ಹಳೆಯದನ್ನು ಓದಿದರು, ಕುಟುಕಿದರು ಅಂದುಕೊಂಡು ನಾನು ಬಾಯಿಗೆ ಬಟ್ಟೆ ಹಿಡಿದು ನಕ್ಕಿದ್ದೆ. ಎಷ್ಟು ನಕ್ಕಿದ್ದೆ.

ಯಾಕೆ ಸುಮ್ಮನಾದೆ ಅಂದರು. ಏನಿಲ್ಲ. ಏನೋ ಇದೆ, ಉಸಿರು ಬೇರೆ ಥರ ಬಿಡ್ತಾ ಇದೀಯ. ನೋಡು, ಉಸಿರು ಕೇಳುತ್ತಾರೆ, ಮುಖ ನೋಡುವುದಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ, ಯಾಕೆ ಕೂತೆ ಅಂತ ನನಗೇ ಗೊತ್ತಿಲ್ಲ, ಗೊತ್ತಿತ್ತು, ಕೈ ನನ್ನನ್ನು ಕೇಳದೆ ಕೆಲಸ ಮಾಡುತ್ತಾ ಇತ್ತು, ಹೆಬ್ಬೆರಳಿನ ಮೇಲಿದ್ದ ಸ್ಟಿಕ್ಕರನ್ನು ಕೈ ಇಳಿಬಿಟ್ಟು ಅಂಗಾಲಿನ ನಟ್ಟನಡುವೆ ಒತ್ತಿತು, ಅಷ್ಟರ ಮಟ್ಟಿಗೆ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ರೀ, ಇನ್ನೊಂದ್ಸಲ ಕಾಲು ನೋಡ್ರಿ, ಬಚ್ಚಲಲ್ಲಿ ಏನೋ ತುಳಿದೆ ಅನ್ಸತ್ತೆ. ಈಗ್ತಾನೆ ನೋಡಿದ್ನಲ್ಲ. ನೋಡ್ರಿ ಅಂದ್ರೆ. ಆಯ್ತು ಕೊಡು, ಕೋಪ ಯಾಕೆ, ಮಹಾರಾಣಿ ಪಾದ. ಕೊಟ್ಟೆ. ಕಿಟಕಿಯ ಬೆಳಕು ನೇರ ಕಾಲ ಮೇಲೆ ಬಿದ್ದಿದೆ, ಇಷ್ಟು ಬೆಳಕಿನಲ್ಲಿ ಇರುವೆಯ ಕಾಲು ಎಣಿಸುತ್ತಿದ್ದ ಮನುಷ್ಯ, ನನ್ನ ಕಾಲನ್ನು ಮುಖದ ಹತ್ತಿರ ತಂದರು, ಹುಬ್ಬು ಗಂಟಿಕ್ಕಿದರು, ತಲೆ ಆ ಕಡೆ ಈ ಕಡೆ ವಾಲಿಸಿದರು, ಬೋರ್ಡು ಮುಗಿಸಿ ದೂರ ನಿಂತು ನೋಡುವಾಗ ಮಾಡುತ್ತಿದ್ದರಲ್ಲ, ಥೇಟ್ ಹಾಗೆ, ಯಾರು ನೋಡಿದರೂ ನೋಡುತ್ತಾ ಇದ್ದಾರೆ ಅನ್ನಬೇಕು. ಹೇಳಿ, ನನ್ನಪ್ಪ, ಹೇಳಿ, ಇದೇನೇ ಇದು ಸೇಬಿನ ಸ್ಟಿಕ್ಕರು ಅಂಟಿಸಿಕೊಂಡಿದೀಯ, ನಿನ್ನೂ ಮಾರಾಟಕ್ಕೆ ಇಟ್ಟಿದಾರಾ ಅಂತ ಬೈಯಿರಿ, ನಗಿರಿ, ನಾನು ಕೈ ಮುಗಿಯುತ್ತೀನಿ. ಅವರ ಹೆಬ್ಬೆರಳು ಹಿಮ್ಮಡಿಯಿಂದ ಹೊರಟಿತು, ನನಗೆ ಗೊತ್ತಾಗುತ್ತಿಲ್ಲ, ಬರೀ ಕಣ್ಣಿಗೆ ಕಾಣುತ್ತಿದೆ ಅವರ ಕೈ ಮುಂದಕ್ಕೆ ಹೋಗುವುದು, ನಡುವೆ ಬಂದು ನಿಂತಿತು. ನಿಂತಿತು. ಅಲ್ಲಿ ಒಂದು ಸಲ ಉಜ್ಜಿದರು, ಇನ್ನೊಂದು ಸಲ. ಏನಿಲ್ಲ ಕಣೇ, ಹೂವಿನ ಹಾಗಿದೆ, ಇಲ್ಲಿ ನಡುವೆ ಒಂಚೂರು ಚರ್ಮ ಒರಟಾಗಿದೆ, ಎಣ್ಣೆ ಹಚ್ಕೋ. ಕಾಲು ತಗೊಂಡೆ. ಹ್ಞೂಂ ಹಚ್ಕೋತೀನಿ ಅಂದೆ. ನನ್ನ ದನಿ ಅಲುಗಾಡಲಿಲ್ಲ, ಅದೇ ದೊಡ್ಡದು.

ಅಡುಗೆ ಮನೆಗೆ ಬಂದು ಒಲೆ ಹಚ್ಚಿದೆ, ಆರಿಸಿದೆ, ಮತ್ತೆ ಹಚ್ಚಿದೆ, ಯಾತಕ್ಕೆ ಹಚ್ಚಿದೆ ಅಂತ ನೆನಪಾಗದೆ ಮತ್ತೆ ಆರಿಸಿದೆ. ಕಾಣುವುದಿಲ್ಲ. ಇವರಿಗೆ ಕಾಣುವುದಿಲ್ಲ. ಸ್ಟಿಕ್ಕರು ಕಂಡಿಲ್ಲ ಅಂದರೆ ಇನ್ನೇನೇನು ಕಂಡಿಲ್ಲ, ಎಷ್ಟು ಕಾಲದಿಂದ ಹೂವಿನ ಹಾಗಿದೆ, ಹೂವಿನ ಹಾಗಿದೆ — ಕ್ಷೌರದ ಕನ್ನಡಿ ತಂದು ನೆಲದ ಮೇಲೆ ಇಟ್ಟೆ, ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲು ಕನ್ನಡಿಯ ಮೇಲೆ ಎತ್ತಿ ಹಿಡಿದೆ, ಕೊಕ್ಕರೆ ಹಾಗೆ, ಕಾಲಿನ ನೆರಳೇ ಕಾಲನ್ನು ಮುಚ್ಚುತ್ತದೆ, ಸ್ಟಿಕ್ಕರು ಮಾತ್ರ ಕಂಡಿತು, ಅದನ್ನು ಕಿತ್ತು ಮತ್ತೆ ಹೆಬ್ಬೆರಳಿಗೆ ಅಂಟಿಸಿಕೊಂಡೆ, ಯಾಕೆ ಬಿಸಾಡಲಿಲ್ಲವೋ. ಇನ್ನೊಂದು ಕಾಲು ಎತ್ತಿದೆ. ಎಡಗಾಲು. ಹೆಬ್ಬೆರಳಿನ ಬುಡದಲ್ಲಿ, ಉಬ್ಬಿದ ಜಾಗದಲ್ಲಿ, ಕಪ್ಪಗೆ ಏನೋ. ಕೊಳೆ ಇರಬಹುದು. ಈಗಷ್ಟೇ ತೊಳೆದಿದ್ದೀನಲ್ಲ. ನೆರಳಿರಬಹುದು. ಕಾಲು ತಿರುಗಿಸಿದೆ, ನೆರಳಾದರೆ ಸರಿಯಬೇಕು, ಅದು ಸರಿಯಲಿಲ್ಲ. ಚಪ್ಪಲಿ ತೆಗೆದು ಬೆಳಕಿಗೆ ಹಿಡಿದೆ, ಎಡಗಾಲಿನದ್ದು, ಅದೇ ಜಾಗದಲ್ಲಿ ಒದ್ದೆ ಕಲೆ, ಒಣಗಿ ಅಂಚು ಕಟ್ಟಿದೆ, ಮೂಗಿನ ಹತ್ತಿರ ತಂದೆ, ತಂದದ್ದೇ ತಪ್ಪಾಯಿತು. ನನಗೆ ಗೊತ್ತು ಆ ವಾಸನೆ. ಇವರನ್ನು ಮಲಗಿಸಿದ್ದ ವಾರ್ಡಿನಲ್ಲಿ ಎದುರು ಮಂಚದ ಬಸ್ ಡ್ರೈವರು, ಸಕ್ಕರೆಯವನೇ, ಒಂದು ಗುಳ್ಳೆ ಅಂತ ಬಂದವನು, ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಅವನ ದುಪ್ಪಟಿ ಮಂಡಿಯ ಕೆಳಗೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಂಡಿತ್ತು, ಅವನ ಹೆಂಡತಿ ಆ ಚಪ್ಪಟೆ ಜಾಗದ ಮೇಲೆ ಕೈ ಇಡದೆ ಸುತ್ತಿ ಬಂದು ಕೂರುತ್ತಿದ್ದಳು. ನನ್ನ ಕಾಲು ಹೋದರೆ ಹೋಗಲಿ, ಹೋಗಲಿ ಅಂತ ಬಾಯಲ್ಲಿ ಬರುತ್ತದೆ, ಆದರೆ ನಾನು ಆಸ್ಪತ್ರೆಯಲ್ಲಿ ಮಲಗಿದರೆ ಇವರನ್ನು ಯಾರು ಹೊರಳಿಸುತ್ತಾರೆ, ಹೈಸಾ ಅಂದರೆ ಮೇಲಿನ ಅರ್ಧ ಹೊರಳುತ್ತದೆ, ಕೆಳಗಿನ ಅರ್ಧ ಯಾರದ್ದು. ಮಕ್ಕಳಿಲ್ಲ ಮರಿಯಿಲ್ಲ, ಕೆಳಗಿನ ಅಂಗಡಿಯ ಟೈಲರ್ ಒಬ್ಬ, ಒಳ್ಳೆಯವನು, ಹಿಮ್ಮಡಿ ಹಾಸಿಗೆ ತಾಗದ ಹಾಗೆ ಸಣ್ಣ ದಿಂಬು ಹೊಲಿದು ಕೊಟ್ಟವನು, ಅಕ್ಕಾ, ಭಾವನ ಕಾಲಿಗೆ ಇಷ್ಟು ಮೆತ್ತಗೆ ಹೊಲಿದಿದೀನಿ, ನನ್ನ ಹೆಂಡತಿ ಕಂಡ್ರೆ ನನ್ನ ಕತ್ತು ಹಿಚುಕ್ತಾಳೆ, ಅವಳಿಗೆ ಒಂದು ತಲೆದಿಂಬು ಹೊಲಿದಿಲ್ಲ ಇನ್ನೂ — ಅವನು ಎತ್ತಲು ಬರುತ್ತಾನೆ, ಆದರೆ ಬೆನ್ನು ಒತ್ತಿ ನೋಡಲು, ಮಲ ತೆಗೆಯಲು ಅವನು ಬರುತ್ತಾನಾ, ಬಂದರೂ ಇವರು ಬಿಡುತ್ತಾರಾ. ಹೇಳದೆ ಇದ್ದರೆ. ನಾನೇ ತೊಳೆದು ಹತ್ತಿ ಕಟ್ಟಿ ಸುಮ್ಮನಿದ್ದರೆ. ಡ್ರೈವರೂ ಹಾಗೇ ತಾನೇ ಮಾಡಿದ್ದು. ಹೇಳಿದರೆ ಸಿಸ್ಟರಮ್ಮ ಮೊದಲು ಕೇಳುವುದು, ತಾತ, ಇದು ನಿಮಗೆ ಕಾಣಲಿಲ್ವಾ. ಅದೊಂದು ಮಾತು. ಈ ಮಂಚದ ಮೇಲೆ ಮಲಗಿ ಇವರು ನನಗೆ ಅಂತ ಮಾಡುತ್ತಿದ್ದ ಒಂದೇ ಒಂದು ಕೆಲಸ, ಉಣಿಸಿಕೊಳ್ಳುವುದು ತೊಳೆಸಿಕೊಳ್ಳುವುದು ಹೊರಳಿಸಿಕೊಳ್ಳುವುದು ಎಲ್ಲ ಮುಗಿದ ಮೇಲೆ, ತಾ ಇಲ್ಲಿ ನಿನ್ನ ಕಾಲು, ಅಂತ ಗಂಡಸಿನ ದನಿಯಲ್ಲಿ ಹೇಳುವ ಒಂದು ಗಳಿಗೆ. ಅದಕ್ಕೇ ಸುಳ್ಳು ಹೇಳಿದರು. ನನಗೆ ಸಿಟ್ಟು ಬರುತ್ತಿದೆ, ಬಂದದ್ದು ಅಳುವಾಗುತ್ತಿದೆ, ನನ್ನ ಕಾಲು ಕೊಳೆಯಿತಲ್ರೀ, ನಿಮ್ಮ ಮರ್ಯಾದೆಗೆ ನನ್ನ ಕಾಲು ಬೇಕಿತ್ತಾ, ಅಂತ ಹೋಗಿ ಕೇಳಿಬಿಡಲಾ. ಕೆಳಗೆ ಸಿಸ್ಟರಮ್ಮನ ಸ್ಕೂಟರಿನ ಸದ್ದು. ಬಂದಳು.

ಅಜ್ಜೀ, ಏನ್ ಮಾಡ್ತಿದೀರಾ, ಮನೆಯೆಲ್ಲ ಗ್ಯಾಸ್ ವಾಸನೆ, ಒಲೆ ನೋಡಿ ಮೊದಲು. ಅಯ್ಯೋ, ತಿರುಗಿಸಿ ಹಚ್ಚದೇ ಬಿಟ್ಟಿದ್ದೀನಿ. ಮುಚ್ಚಿದಳು, ಕಿಟಕಿ ತೆರೆದಳು, ಕೈ ತೊಳೆದಳು, ಗ್ಲೌಸು ಹಾಕಿಕೊಂಡಳು, ತಾತ ಏನ್ ಸಮಾಚಾರ, ಅಜ್ಜಿ ನಿಮ್ಮನ್ನ ಸುಟ್ಟು ಹಾಕೋ ಪ್ಲಾನ್ ಮಾಡಿದಾರೆ. ಮಾಡ್ಲಿ ಬಿಡಮ್ಮ, ಕೆಳಗಿನ ಅರ್ಧ ಸುಟ್ರೆ ನನಗೆ ಗೊತ್ತಾಗಲ್ಲ, ಮೇಲಕ್ಕೆ ಬಂದಾಗ ಕೂಗ್ತೀನಿ. ನಗುತ್ತಾರೆ ಇಬ್ಬರೂ. ನಾನು ಬಾಗಿಲಲ್ಲಿ ನಿಂತಿದ್ದೀನಿ, ಎಡಗಾಲನ್ನು ಬಲಗಾಲಿನ ಹಿಂದೆ ಇಟ್ಟುಕೊಂಡು, ಸ್ಕೂಲಲ್ಲಿ ತಪ್ಪು ಮಾಡಿದ ಹುಡುಗಿ ಹಾಗೆ. ಬೆನ್ನು ನೋಡಿದಳು, ಚೆನ್ನಾಗಿಟ್ಟಿದೀರಾ ಅಜ್ಜಿ, ಆಸ್ಪತ್ರೆಯಲ್ಲಿ ಹೀಗೆ ಇಟ್ಟಿರಲ್ಲ, ಹಿಮ್ಮಡಿ ನೋಡಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಪೈಪು ಬದಲಾಯಿಸಿದಳು, ಹಳೆಯದನ್ನು ಪೇಪರಿನಲ್ಲಿ ಸುತ್ತಿದಳು, ಇಷ್ಟು ಹೊತ್ತೂ ನಾನು ನೋಡುತ್ತಿರುವುದು ಇವರ ಕಣ್ಣು, ಅವಳು ಬಲಕ್ಕೆ ಹೋದರೆ ಬಲಕ್ಕೆ ತಿರುಗುತ್ತದೆ, ಎಡಕ್ಕೆ ಹೋದರೆ ಎಡಕ್ಕೆ, ಆದರೆ ಒಂದು ಚೂರು ತಡವಾಗಿ, ಚಪ್ಪಲಿಯ ಸದ್ದು ಹೋಗಿ ಮುಟ್ಟಿದ ಮೇಲೆ. ಹೇಗೆ ಕಾಣಲಿಲ್ಲ ನನಗೆ. ಕಣ್ಣು ಇದ್ದವಳು ನಾನಲ್ಲವಾ. ಅವರಿಗೆ ನನ್ನ ಕಾಲು ಕಾಣಲಿಲ್ಲ, ನನಗೆ ಅವರ ಕಣ್ಣು ಕಾಣಲಿಲ್ಲ, ದಿನಾ ಎದುರಾ ಬದುರಾ ಕೂತು. ಸಿಟ್ಟು ಎಲ್ಲಿ ಹೋಯಿತೋ. ಈಗ ಅವಳು ಗ್ಲೌಸು ತೆಗೆಯುತ್ತಾಳೆ, ಈಗ ತಿರುಗುತ್ತಾಳೆ, ಈಗ ಕೇಳುತ್ತಾಳೆ, ಪ್ರತಿ ಸಲ ಕೇಳುವ ಹಾಗೆ, ಅಜ್ಜಿ ನಿಮ್ಮ ಕಾಲು, ಇವರು ಪ್ರತಿ ಸಲ ಹೇಳುವ ಹಾಗೆ ಹೇಳುತ್ತಾರೆ, ಅದನ್ನ ನಾನು ನೋಡಿದೀನಮ್ಮ, ಹೂವಿನ ಹಾಗಿದೆ, ಅವಳು ನಂಬುತ್ತಾಳೆ, ದುರ್ಬೀನು ಕಣ್ಣಲ್ಲವಾ. ಇವರು ಬಾಯಿ ತೆಗೆಯುವ ಮೊದಲು ನಾನು ತೆಗೆಯಬೇಕು, ಇವರು ಒಂದು ಸಲ ಹೂವು ಅಂದುಬಿಟ್ಟರೆ ಆಮೇಲೆ ನಾನು ಏನು ಹೇಳಿದರೂ ಇವರನ್ನು ಬೀದಿಗೆ ಎಳೆದ ಹಾಗೆ. ಅಜ್ಜಿ, ನಿಮ್ಮ ಕಾಲು ಹೇಗಿ — ಇವರೇ ನೋಡಿದ್ದು ಸಿಸ್ಟರಮ್ಮ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಬೆಳಿಗ್ಗೆ ಇವರೇ ನೋಡಿ ಹೇಳಿದ್ರು, ಎಡಗಾಲು ಹೆಬ್ಬೆರಳ ಬುಡದಲ್ಲಿ ಏನೋ ಕಪ್ಪಗಿದೆ, ಸಿಸ್ಟರು ಬಂದ ತಕ್ಷಣ ತೋರ್ಸು, ಮರೀಬೇಡ ಅಂತ. ಮಂಚದ ಮೇಲೆ ಏನೂ ಅಲುಗಾಡಲಿಲ್ಲ. ಗಾಳಿ ಹಾಸಿಗೆಯ ಮೋಟರು ಗೊರಗೊರ. ಕೂತ್ಕೊಳ್ಳಿ ಅಂದಳು, ಸ್ಟೂಲ್ ಮೇಲೆ ಕೂರಿಸಿದಳು, ತಾನು ನೆಲದ ಮೇಲೆ ಕೂತು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹತ್ತಿಯಲ್ಲಿ ಒರೆಸಿದಳು, ಏನೋ ಕತ್ತರಿಸಿದಳು, ನನಗೆ ಏನೂ ಗೊತ್ತಾಗುತ್ತಿಲ್ಲ, ಬೇರೆ ಯಾರದೋ ಕಾಲಿಗೆ ಮಾಡಿದ ಹಾಗೆ, ಹತ್ತಿ ಕೆಂಪಾಗಿ ಬಂತು, ಮತ್ತೊಂದು ಹತ್ತಿ, ಅದೂ ಕೆಂಪು. ಅಜ್ಜಿ, ಇದು ಇವತ್ತಿಂದಲ್ಲ, ಮೇಲೆ ಚರ್ಮ ಗಟ್ಟಿ ಕಟ್ಕೊಂಡು ಒಳಗೊಳಗೇ ಹೋಗಿದೆ, ಮೇಲಿಂದ ನೋಡಿದ್ರೆ ಯಾರಿಗೂ ಸುಲಭಕ್ಕೆ ಕಾಣಲ್ಲ, ತಾತ ಹಿಡಿದಿದಾರೆ ಅಂದ್ರೆ ಅವರ ಕಣ್ಣಿಗೆ ದೃಷ್ಟಿ ತೆಗೀಬೇಕು, ಮೂಳೆ ಮುಟ್ಟಿದೆಯಾ ಅಂತ ಡಾಕ್ಟ್ರು ನೋಡ್ಬೇಕು, ಇವತ್ತೇ, ಈ ಕಾಲು ನೆಲಕ್ಕೆ ಊರೋ ಹಾಗಿಲ್ಲ ನೀವು. ಊರದೆ ಇವರನ್ನ ಹೆಂಗಮ್ಮ ಹೊರಳಿಸ್ಲಿ. ಅದು ನೋಡೋಣ, ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಕಡೆ ಮಂಚ ಸಿಗತ್ತಾ ಕೇಳ್ತೀನಿ, ನೀವು ಕೂತಲ್ಲಿಂದ ಏಳ್ಬೇಡ್ರಿ, ಅಂದವಳು ಬಟ್ಟೆ ಸುತ್ತಿ ಕಟ್ಟಿ, ಫೋನು ಹಿಡಿದು ಮೆಟ್ಟಿಲ ಹತ್ತಿರ ಹೋದಳು.

ನಾನು ಮಂಚದ ಕಡೆ ತಿರುಗಲಿಲ್ಲ. ಕೈಯಲ್ಲಿ ಕೆಲಸವಿಲ್ಲ, ಏಳುವ ಹಾಗಿಲ್ಲ, ಜೀವಮಾನದಲ್ಲಿ ಹೀಗೆ ಸುಮ್ಮನೆ ಕೂತದ್ದು ನೆನಪಿಲ್ಲ, ಮನಸ್ಸು ಮಾತ್ರ ಕಾಲಿಲ್ಲದೆ ಓಡುತ್ತಿದೆ, ಹೊರಳಿಸುವ ಹೊತ್ತು ಆಗುತ್ತಾ ಬಂತು, ಚೀಲ ತುಂಬಿದೆಯೋ, ಬಸ್ ಡ್ರೈವರಿನ ದುಪ್ಪಟಿ, ಒಂದೇ ಕಡೆ ಎರಡು ಮಂಚ ಕೊಡುತ್ತಾರಾ, ಕೊಟ್ಟರೂ ನಡುವೆ ಎಷ್ಟು ದೂರ ಇರುತ್ತೆ, ಕೈ ಎಟುಕುತ್ತಾ. ಕಾಲು ಕೊಡು ಅಂದರು. ಕಟ್ಟಿದಾಳೆ ರೀ, ನೋಡೋಕೇನಿಲ್ಲ. ಆ ಕಾಲಲ್ಲ, ಇನ್ನೊಂದು. ಕೊಟ್ಟೆ. ಈ ಸಲ ಮುಖದ ಹತ್ತಿರ ತರಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ, ತಲೆ ವಾಲಿಸಲಿಲ್ಲ, ಚಾವಣಿಯ ಕಡೆ ಮುಖ ಮಾಡಿ ಹೆಬ್ಬೆರಳು ಒತ್ತುತ್ತಾ ಹಿಮ್ಮಡಿಯಿಂದ ಹೊರಟರು, ಮೆಲ್ಲಗೆ, ನಡುವೆ ಬಂದು ನಿಂತರು, ಸುತ್ತ ಉಜ್ಜಿದರು, ಹುಡುಕಿದರು. ಇಲ್ಲಿತ್ತು ಅಂದರು. ಏನು. ಒರಟು ಚರ್ಮ ಅಂದ್ನಲ್ಲ, ಅದು ಈಗ ಇಲ್ಲ, ಏನಂಟಿಸಿಕೊಂಡಿದ್ದೆ. ಹೇಳೇ. ಸೇಬಿನ ಸ್ಟಿಕ್ಕರು ಅಂದೆ. ನಗುತ್ತಾರೇನೋ ಅಂದುಕೊಂಡೆ, ನಗಲಿಲ್ಲ, ನನ್ನ ಕಾಲನ್ನು ಬಿಡಲೂ ಇಲ್ಲ. ಯಾವ ಬಣ್ಣ. ಕೆಂಪು ರೀ. ಬಾಗಿಲಲ್ಲಿ ಸಿಸ್ಟರಮ್ಮ ಬಂದು ನಿಂತಿದ್ದಾಳೆ, ಫೋನು ಕೈಯಲ್ಲಿ, ಚಪ್ಪಲಿ ಬಿಟ್ಟು ಬಂದಿದ್ದಾಳೆ, ಸದ್ದಿಲ್ಲ, ಇವರಿಗೆ ತಿಳಿದಿಲ್ಲ, ನಾನು ಕೈ ಮಾಡಿ ತಡೆಯಬೇಕು ಅಂದುಕೊಂಡೆ, ತಡೆಯಲಿಲ್ಲ, ಅವಳು ಇವರ ಮುಖ ನೋಡುತ್ತಿದ್ದಾಳೆ, ಇವರು ಯಾರೂ ಇಲ್ಲದ ಕಡೆ ನೋಡುತ್ತಿದ್ದಾರೆ, ಎಂಥ ಕೆಂಪು, ಅಂದರು, ಏಣಿ ಮೇಲಿನಿಂದ ಕೇಳುತ್ತಿದ್ದ ಅದೇ ದನಿ, ಬೀದಿಗೆಲ್ಲ ಕೇಳುವ ದನಿ, ಹೇಳು, ಕೆಂಪು ಅಂದ್ರೆ ಒಂದೇನಾ, ಎಂಥ ಕೆಂಪು. ನಾನು ಹೆಬ್ಬೆರಳು ಎತ್ತಿ ಬೆಳಕಿಗೆ ಹಿಡಿದೆ, ಇಟ್ಟಿಗೆಯದಲ್ಲ, ಮೆಣಸಿನಕಾಯಿಯದಲ್ಲ, ಅಂಚೆಡಬ್ಬಿಯದೂ ಅಲ್ಲ, ನೀರಲ್ಲಿ ನೆನೆದು ಒಂದು ಕಡೆಯಿಂದ ಬಿಳಿಚಿಕೊಂಡಿದೆ, ಬಲಗಡೆ ಬಾಗಿದ್ದು ಹಾಗೇ ಇದೆ, ಎಡಗಡೆಯದು ಅಳಿಸಿ ಹೋಗಿದೆ, ಅರ್ಧ ಸುತ್ತು, ಬ್ರಷ್ಷು ಮೇಲಿನಿಂದ ಹೊರಟಿತು, ಬಲಕ್ಕೆ ಬಾಗಿತು, ಕೆಳಗೆ ಇಳಿಯಿತು, ನಾನು ಉಸಿರು ಹಿಡಿದಿದ್ದೀನಿ, ಕೆಂಪು, ಅರ್ಧ ಸುತ್ತು ಕೆಂಪು